ರಾತ್ರಿ ಕಸ ಹಾಕಬೇಡಿ, ಡಬ್ಬ ಮಲಗಿದೆ

ತುಮಕೂರಿನ ಹೊಸ ಬಡಾವಣೆಗಳಲ್ಲಿ ಗೃಹಪ್ರವೇಶಕ್ಕೆ ಗೋಡೆ ಗಡಿಯಾರ ಕೊಡುವ ಕಾಲ ಮುಗಿಯಿತು. ಈಗ ಕೊಡುವುದು ಸೆನ್ಸರ್ ಕಸದ ಡಬ್ಬ. 2016ರಲ್ಲಿ ಊರೇ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಡಬ್ಬ ಹಿಂದೆ ಬೀಳಬಾರದಲ್ವಾ? ಮನೆಯವರು ಬಂದವರಿಗೆ ದೇವರ ಮನೆ ತೋರಿಸುತ್ತಾರೆ, ಅಡುಗೆ ಮನೆ ತೋರಿಸುತ್ತಾರೆ, ಕೊನೆಗೆ ಡಬ್ಬದ ಮುಂದೆ ನಿಲ್ಲಿಸಿ "ಕೈ ತೋರ್ಸಿ, ಕೈ ತೋರ್ಸಿ" ಅನ್ನುತ್ತಾರೆ. ಹಾಕಲು ಕಸ ಇಲ್ಲದಿದ್ದರೂ ಒಬ್ಬೊಬ್ಬರೇ ಮಂಗಳಾರತಿ ತಗೊಳ್ಳುವ ಹಾಗೆ ಕೈ ಚಾಚುತ್ತಾರೆ. ಮುಚ್ಚಳ ಗುಂಯ್ ಅಂತ ಏಳುತ್ತದೆ. ಎಲ್ಲರೂ ಒಳಗೆ ಇಣುಕುತ್ತಾರೆ. ಒಳಗೆ ಏನೂ ಇರುವುದಿಲ್ಲ.

ಇದರಲ್ಲಿ ತಪ್ಪೇನಿಲ್ಲ ಬಿಡಿ. ತಮಾಷೆ ಶುರುವಾಗುವುದು ಸೆಲ್ ಮುಗಿದ ಮೇಲೆ.

ಮುಚ್ಚಳದಲ್ಲಿ ಒಂದು ಪುಟ್ಟ ಎಲ್‌ಇಡಿ ಇರುತ್ತದೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಬಿಟ್ಟು ಬಿಟ್ಟು ಮಿನುಗಿಸುತ್ತದೆ. ಬೆಳಕು ಯಾರದಾದರೂ ಕೈಗೆ ತಾಗಿ ವಾಪಸ್ ಬಂದರೆ ಮೋಟಾರ್ ತಿರುಗುತ್ತದೆ, ಬರದಿದ್ದರೆ ಮತ್ತೆ ಮಿನುಗುತ್ತದೆ. ನೀವು ಮಲಗಿದ್ದಾಗಲೂ ಅದೇ ಕೆಲಸ. ಮನೆಗೆ ಬೀಗ ಹಾಕಿ ಸಿದ್ಧಗಂಗೆ ಜಾತ್ರೆಗೆ ಹೋದಾಗಲೂ ಅದೇ ಕೆಲಸ. ದಿನಕ್ಕೆ ಹತ್ತು ಸಲ ಬಾಯಿ ತೆರೆಯಲು 24 ಗಂಟೆ ಎಚ್ಚರವಾಗಿರಬೇಕು. ಹಾಗಾಗಿ ಕಸ ಹಾಕದ ಮನೆಯಲ್ಲೂ ಸೆಲ್ ಖಾಲಿಯಾಗುತ್ತದೆ.

ಮೊನ್ನೆ ನಮ್ಮ ಬಡಾವಣೆಯ ವಾಟ್ಸ್‌ಆಪ್ ಗುಂಪಿಗೆ ಒಂದು ಸೂಚನೆ ಬಂತು. "ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸೆನ್ಸರ್ ಡಬ್ಬ ಆಫ್ ಮಾಡಿ. ನಾಡಿನ ವಿದ್ಯುತ್ ಉಳಿಸಿ." ಕೆಳಗೆ ಸಾಲಾಗಿ ಕೈ ಮುಗಿಯುವ ಚಿತ್ರಗಳು. ಡಬ್ಬ ನಡೆಯುವುದು ಅಂಗಡಿಯಿಂದ ತಂದ ಸೆಲ್‌ನಲ್ಲಿ, ನಾಡಿನ ವಿದ್ಯುತ್ತಿಗೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ ಅಂತ ಒಬ್ಬರೂ ಬರೆಯಲಿಲ್ಲ.

ಭಾನುವಾರ ಜಾಗೃತಿ ಸಭೆಯೂ ಆಯಿತು. ಬೆಳಿಗ್ಗೆ ಹನ್ನೊಂದರ ಬಿಸಿಲು. ಬಿಸಿಲಿಗೆ ಶಾಮಿಯಾನ. ಶಾಮಿಯಾನದ ಒಳಗೆ ಕತ್ತಲು ಅಂತ ಹ್ಯಾಲೊಜೆನ್ ದೀಪ. ದೀಪದ ಸೆಕೆಗೆ ಫ್ಯಾನ್. ಕರೆಂಟ್ ಹೋದರೆ ಇರಲಿ ಅಂತ ಜನರೇಟರ್. ಪಕ್ಕದ ಕಂಬದಲ್ಲಿ ಬೀದಿ ದೀಪವೂ ಉರಿಯುತ್ತಿತ್ತು, ಆದರೆ ಅದು ಕಾರ್ಯಕ್ರಮ ಪಟ್ಟಿಯಲ್ಲಿ ಇರಲಿಲ್ಲ. ಮುಖ್ಯ ಅತಿಥಿಗಳು ದೀಪ ಬೆಳಗುವ ಬದಲು ಡಬ್ಬ ಆಫ್ ಮಾಡಿ ಉದ್ಘಾಟಿಸಬೇಕಿತ್ತು. ಸ್ವಿಚ್ ಇರುವುದು ಮುಚ್ಚಳದ ಹಿಂದೆ. ಕೈ ಚಾಚಿದರು, ಮುಚ್ಚಳ ಎದ್ದಿತು, ಸ್ವಿಚ್ ಮರೆಯಾಯಿತು. ಕೈ ಹಿಂದೆ ತೆಗೆದರು, ಮುಚ್ಚಿಕೊಂಡಿತು. ಮತ್ತೆ ಚಾಚಿದರು. ಫೋಟೋದವನು "ಸರ್, ಇನ್ನೊಂದ್ಸಲ" ಅಂದ.

ಭಾಷಣದಲ್ಲಿ ಪಾವಗಡ ಬಂತು. ನಮ್ಮದೇ ಜಿಲ್ಲೆಯಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ, ರೈತರು ಭೂಮಿ ಗುತ್ತಿಗೆಗೆ ಕೊಟ್ಟಿದ್ದಾರೆ, ಅವರ ಋಣ ತೀರಿಸಲು ಡಬ್ಬ ಆಫ್ ಮಾಡೋಣ ಅಂದರು. ಜನ ಚಪ್ಪಾಳೆ ತಟ್ಟಿದರು. ನಾನು ಕರಪತ್ರದ ಹಿಂದೆ ಲೆಕ್ಕ ಹಾಕುತ್ತಾ ಕೂತೆ.

ನಾಲ್ಕು ಸೆಲ್‌ನ ಡಬ್ಬ ಅಂದರೆ 6 ವೋಲ್ಟ್. ಸುಮ್ನೆ ಕಾಯುವಾಗ ಅರ್ಧ ಮಿಲಿಆಂಪ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. 3 ಮಿಲಿವ್ಯಾಟ್ ಆಯಿತು. ಈ ವೇಗದಲ್ಲಿ ಒಂದು ಯೂನಿಟ್, ಅಂದರೆ 1,000 ವ್ಯಾಟ್-ಗಂಟೆ, ಮುಗಿಸಲು ಡಬ್ಬಕ್ಕೆ 38 ವರ್ಷ ಬೇಕು. ಗೃಹಪ್ರವೇಶದ ದಿನ ತೊಟ್ಟಿಲಲ್ಲಿದ್ದ ಮಗು ತನ್ನ ಮಗುವನ್ನು ಸ್ಕೂಲಿಗೆ ಸೇರಿಸುವ ಹೊತ್ತಿಗೆ ಒಂದು ಯೂನಿಟ್. ಅದೇ ಮನೆಯ ಹಳೇ ಸೆಟ್‌ಟಾಪ್ ಬಾಕ್ಸ್ ಟೀವಿ ಆಫ್ ಆಗಿದ್ದಾಗಲೂ 10 ವ್ಯಾಟ್ ಕುಡಿಯುತ್ತಿದ್ದರೆ ಒಂದು ಯೂನಿಟ್ಟಿಗೆ ನಾಲ್ಕು ದಿನ ಸಾಕು. 2,000 ವ್ಯಾಟ್‌ನ ಗೀಸರ್‌ಗೆ ಅರ್ಧ ಗಂಟೆ. ಇನ್ನು ಪಾವಗಡ? ಮಧ್ಯಾಹ್ನ ಬಿಸಿಲು ಚೆನ್ನಾಗಿದ್ದರೆ ಅದೊಂದೇ 68,000 ಕೋಟಿ ಡಬ್ಬಗಳನ್ನು ಎಚ್ಚರವಾಗಿಡುತ್ತದೆ. ಭೂಮಿ ಮೇಲೆ ಇರುವ ಒಬ್ಬೊಬ್ಬರಿಗೂ ಎಂಬತ್ತು ಡಬ್ಬ ಹಂಚಿ, ಮೇಲೆ ಒಂದಷ್ಟು ಮಿಗುತ್ತದೆ.

ಹಾಗಂತ ಡಬ್ಬದ ಖರ್ಚು ಸಣ್ಣದು ಅಂದುಕೊಳ್ಳಬೇಡಿ. ಒಂದು ಒಳ್ಳೇ ಪೆನ್ಸಿಲ್ ಸೆಲ್‌ನಲ್ಲಿ ಸುಮಾರು 3 ವ್ಯಾಟ್-ಗಂಟೆ ಇರುತ್ತದೆ. ಒಂದು ಯೂನಿಟ್ ಆಗಲು 333 ಸೆಲ್ ಬೇಕು. ಸೆಲ್ಲಿಗೆ 20 ರೂಪಾಯಿ ಹಿಡಿದರೂ ಯೂನಿಟ್ಟಿಗೆ 6,660 ರೂಪಾಯಿ. ಗೃಹಜ್ಯೋತಿಯಲ್ಲಿ 2023ರ ಜುಲೈನಿಂದ ಮಿತಿಯೊಳಗಿನ ಕರೆಂಟು ಸೊನ್ನೆ ರೂಪಾಯಿ. ಸೊನ್ನೆ ರೂಪಾಯಿಯ ಕರೆಂಟಲ್ಲಿ ಗೀಸರ್ ಬೆಳಗಿನಿಂದ ಮಧ್ಯಾಹ್ನದವರೆಗೆ ಕುದಿಯುತ್ತಿರುತ್ತದೆ. 6,660 ರೂಪಾಯಿಯದು ಬಾಳೆಹಣ್ಣಿನ ಸಿಪ್ಪೆಗೆ ಬಾಗಿಲು ತೆಗೆಯುತ್ತಿರುತ್ತದೆ. ಇದನ್ನು ಸಭೆಯಲ್ಲಿ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ತಟ್ಟೆ ಇಡ್ಲಿ ಬಂತು.

ನಿಜಕ್ಕೂ ಉಳಿಸಬೇಕಾದವರು ಡಬ್ಬ ಮಾಡುವವರು. ಎಲ್‌ಇಡಿ ಸೆಕೆಂಡಿಗೆ ಹತ್ತು ಸಲ ಮಿನುಗುವ ಬದಲು ಎರಡು ಸಲ ಮಿನುಗಲಿ. ನಡುವೆ ಚಿಪ್ ನಿದ್ದೆ ಮಾಡಲಿ. ಖರ್ಚು ಮೈಕ್ರೋಆಂಪ್ ಲೆಕ್ಕಕ್ಕೆ ಇಳಿಯುತ್ತದೆ. ಕಸ ಹಾಕುವವರು ಅರ್ಧ ಸೆಕೆಂಡ್ ಕಾಯಬೇಕು, ಅಷ್ಟೇ. ಆದರೆ ಅದು ಯಾವ ಫೋಟೋದಲ್ಲೂ ಬೀಳುವುದಿಲ್ಲ. ಬಳಸುವವರಿಗೆ ಉಪದೇಶ ಮಾಡುವುದು ಸುಲಭ.

ಡಬ್ಬದ ನಿಜವಾದ ಪರೀಕ್ಷೆ ನಡೆಯುವುದು ಅವರೆಕಾಯಿ ಕಾಲದಲ್ಲಿ. ಭಾವಮೈದನ ಮನೆಗೆ ಹೋದಾಗ ಅತ್ತೆ ಹಿತಕಿದ ಅವರೆಬೇಳೆ ಸಾರಿಗೆ ಅಂತ ಕಾಳು ಹಿತುಕುತ್ತಾ ಕೂತಿದ್ದರು. ಪಕ್ಕದಲ್ಲಿ ಸೊಗಡು ಬಿಡುತ್ತಿದ್ದ ಸಿಪ್ಪೆಯ ಗುಡ್ಡೆ. ಬೊಗಸೆ ತುಂಬ ಎತ್ತಿ ಹಾಕಲು ಹೋದರೆ ಅರ್ಧ ಒಳಗೆ, ಅರ್ಧ ಮುಚ್ಚಳದ ಮೇಲೆ. ಐದು ಸೆಕೆಂಡಿಗೆ ಮುಚ್ಚಿಕೊಳ್ಳುತ್ತದಲ್ಲ. ಮತ್ತೆ ಕೈ, ಮತ್ತೆ ಗುಂಯ್. "ಇದೇನಪ್ಪಾ, ನಾನ್ ಹಾಕಾ ಹೊತ್ಗೆ ಬಾಯಿ ಮುಚ್ಕಂತೈತೆ, ಬೆಕ್ಕು ಹೋದ್ರೆ ಬಾಯಿ ಬಿಡ್ತೈತೆ" ಅಂದವರೇ ಲಟ್ಟಣಿಗೆ ತಂದು ಮುಚ್ಚಳಕ್ಕೆ ಅಡ್ಡ ಕೊಟ್ಟರು. ಮೋಟಾರ್ ನರಳಿತು. ತಿರುಗದ ಹಾಗೆ ತಡೆದಾಗಲೇ ಮೋಟಾರ್ ಅತಿ ಜಾಸ್ತಿ ಕರೆಂಟ್ ಎಳೆಯುವುದು. ಭಾವಮೈದ ಓಡಿಬಂದ. "ಅಮ್ಮಾ, ಸೆಲ್ಲು!" ಅಂದ. "ಸಾರು ಬೇಕೋ ಸೆಲ್ಲು ಬೇಕೋ?" ಅಂದರು ಅತ್ತೆ.

ಕಾಲಲ್ಲಿ ಒತ್ತಿದರೆ ತೆರೆಯುವ ಡಬ್ಬ ಇದೆ. 1920ರ ದಶಕದಲ್ಲಿ ಅದನ್ನು ರೂಪಿಸಿದವರು ಅಮೆರಿಕದ ಎಂಜಿನಿಯರ್ ಲಿಲಿಯನ್ ಗಿಲ್‌ಬ್ರೆತ್ ಅನ್ನುತ್ತಾರೆ. ಹನ್ನೆರಡು ಮಕ್ಕಳ ತಾಯಿ. ಹನ್ನೆರಡು ಮಕ್ಕಳ ಮನೆಯ ಕಸ ಏನು ಅಂತ ಆಕೆಗೆ ಗೊತ್ತಿತ್ತು. ಕಾಲು ಒತ್ತಿಕೊಂಡಷ್ಟು ಹೊತ್ತು ತೆರೆದೇ ಇರುತ್ತದೆ, ಕಾಲು ತೆಗೆದ ಮೇಲೆ ಏನನ್ನೂ ಕಾಯುವುದಿಲ್ಲ, ಏನನ್ನೂ ಖರ್ಚು ಮಾಡುವುದಿಲ್ಲ. ಅದನ್ನು ಗೃಹಪ್ರವೇಶಕ್ಕೆ ಕೊಟ್ಟರೆ ಮಾತ್ರ ಜನ ಮುಖ ನೋಡುತ್ತಾರೆ.

ಇನ್ನೊಂದು ಮಜಾ ಇದೆ. ಮುಗಿದ ಸೆಲ್ ಎಲ್ಲಿ ಹಾಕುವುದು? ಸೆಲ್ ಮೈಮೇಲೆ ಒಂದು ಪುಟ್ಟ ಚಿತ್ರ ಇರುತ್ತದೆ, ಕನ್ನಡಕ ಹಾಕಿಕೊಂಡು ನೋಡಿ. ಕಸದ ಡಬ್ಬ, ಅದರ ಮೇಲೆ ಕಾಟು. 2022ರ ಬ್ಯಾಟರಿ ನಿಯಮವೂ ಅದನ್ನೇ ಹೇಳುತ್ತದೆ: ಬೇರೆ ಕಸದ ಜೊತೆ ಸೇರಿಸಬೇಡಿ. ಅಂದರೆ ಈ ಡಬ್ಬ ತಾನೇ ಹುಟ್ಟಿಸುವ ಕಸವನ್ನು ಮಾತ್ರ ಈ ಡಬ್ಬಕ್ಕೆ ಹಾಕುವಂತಿಲ್ಲ. 2016ರ ತ್ಯಾಜ್ಯ ನಿಯಮದಲ್ಲೇ ಹಸಿ, ಒಣ, ಅಪಾಯಕಾರಿ ಅಂತ ಮೂರು ಬೇರೆ ಮಾಡಿ ಅಂತಿತ್ತು. ಅದನ್ನು ಪಾಲಿಸಿದ್ದರೂ ಮೂರು ಡಬ್ಬ, ಹನ್ನೆರಡು ಸೆಲ್. ಜನ ಅಷ್ಟು ದೂರ ಹೋಗುವುದಿಲ್ಲ. ಎಲ್ಲವನ್ನೂ ಒಂದರಲ್ಲೇ ತುಂಬಿ, ಬೆಳಿಗ್ಗೆ ಕಸದ ಗಾಡಿ ಬಂದಾಗ ಚೀಲ ಹಿಡಿದುಕೊಂಡು ಓಡುತ್ತಾರೆ. ಗಾಡಿಯ ಹೆಣ್ಣುಮಗಳು ಚೀಲ ಬಿಚ್ಚಿ, ಅನ್ನದಿಂದ ಪ್ಲಾಸ್ಟಿಕ್ಕನ್ನೂ ಸಿಪ್ಪೆಯಿಂದ ಸೆಲ್ಲನ್ನೂ ಬೇರೆ ಮಾಡುತ್ತಾಳೆ. ಕೈಯಲ್ಲಿ. ನಮ್ಮ ಕೈ ಮುಚ್ಚಳಕ್ಕೂ ತಾಗಬಾರದು ಅಂತ ಇಷ್ಟೆಲ್ಲ ಮಾಡಿದ್ದು.

ಭಾವಮೈದ ಈಗ ಪರಿಹಾರ ಕಂಡುಕೊಂಡಿದ್ದಾನೆ. ಸೆಲ್ ಸಹವಾಸವೇ ಬೇಡ ಅಂತ ಡಬ್ಬಕ್ಕೆ ಅಡಾಪ್ಟರ್ ತಂದಿದ್ದಾನೆ. ಒಳ್ಳೇ ಅಡಾಪ್ಟರ್ ಕೂಡ ಸುಮ್ನೆ ಪ್ಲಗ್‌ನಲ್ಲಿದ್ದರೆ 0.1 ವ್ಯಾಟ್ ತಿನ್ನಬಹುದು, ಡಬ್ಬ ಕಾಯುವುದಕ್ಕಿಂತ ಅದು ಮೂವತ್ತು ಪಟ್ಟು ಜಾಸ್ತಿ ಅಂದೆ. "ಅದು ಬಿಲ್ಲಲ್ಲಿ ಸೊನ್ನೆ ಭಾವ" ಅಂದ. ಅಡುಗೆ ಮನೆಯಲ್ಲಿ ಇದ್ದ ಒಂದೇ ಪ್ಲಗ್ ಮಿಕ್ಸಿಗೆ ಬೇಕು. ಅದಕ್ಕೆ ಡಬ್ಬ ಹಾಲ್‌ಗೆ ಬಂತು, ಟೀವಿ ಪಕ್ಕಕ್ಕೆ. ಓಡಾಡಿದವರಿಗೆಲ್ಲ ಬಾಯಿ ತೆರೆದು ವಾಸನೆ ಬಿಡುತ್ತದೆ ಅಂತ ಅದರ ಕಣ್ಣಿಗೆ ಕಪ್ಪು ಟೇಪ್ ಅಂಟಿಸಿದ್ದಾರೆ. ಮುಚ್ಚಳವನ್ನು ಕೈಯಲ್ಲೇ ಎತ್ತುತ್ತಾರೆ. ಅಡಾಪ್ಟರ್ ಮಾತ್ರ ತೆಗೆದಿಲ್ಲ. ಅದರ ಹಸಿರು ದೀಪ ರಾತ್ರಿ ಬಚ್ಚಲಿಗೆ ಹೋಗುವಾಗ ಅನುಕೂಲವಂತೆ.