ಬಚ್ಚಲುಮನೆಯ ಜನಗಣತಿ

ನಮ್ಮ ನಾಯಿ ಚುಕ್ಕಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸಬೇಕೆಂದು ನಾನು ಮೂರು ವರ್ಷದಿಂದ ನಿರ್ಧರಿಸುತ್ತಲೇ ಬಂದಿದ್ದೆ. ಮಳೆಗಾಲದಲ್ಲಿ ಗಾಯ ಒಣಗುವುದಿಲ್ಲ, ಮಳೆ ನಿಲ್ಲಲಿ ಎನ್ನುತ್ತಿದ್ದೆ. ಮಳೆ ನಿಲ್ಲುವಷ್ಟರಲ್ಲಿ ಅಡಿಕೆಯ ಕೊನೆಕೊಯ್ಲು ಶುರುವಾಗುತ್ತಿತ್ತು, ಸುಗ್ಗಿ ಮುಗಿಯಲಿ ಎನ್ನುತ್ತಿದ್ದೆ. ಸುಗ್ಗಿ ಮುಗಿದರೆ ಮದುವೆ ಮುಂಜಿಯ ಊಟಗಳು, ಅವು ಮುಗಿದರೆ ಮತ್ತೆ ಮಳೆ. ಸಾಗರ ಸೀಮೆಯ ಅಡಿಕೆ ಬೆಳೆಗಾರನ ಪಂಚಾಂಗದಲ್ಲಿ ನಾಯಿಯ ಆಪರೇಷನ್ನಿಗೆ ಮುಹೂರ್ತ ಸಿಗುವುದು ಕಷ್ಟ. ಚುಕ್ಕಿ ನನ್ನ ಪಂಚಾಂಗಕ್ಕೆ ಕಾಯಲಿಲ್ಲ. ಕಾರ್ತಿಕ ಮಾಸದಲ್ಲಿ ತನ್ನ ಮುಹೂರ್ತ ತಾನೇ ಇಟ್ಟುಕೊಂಡಳು.

ನಾಯಿಯ ಗರ್ಭ ಹೆಚ್ಚುಕಡಿಮೆ 63 ದಿನ. ಜನವರಿಯ ಮೊದಲ ವಾರ, ಅಂಗಳದ ತುಂಬ ಅಡಿಕೆ, ಜಗಲಿಯ ತುಂಬ ಸುಲಿಯುವವರು, ಮನೆಯಲ್ಲಿ ಯಾರಿಗೂ ತಲೆ ಕೆರೆದುಕೊಳ್ಳಲು ಪುರಸೊತ್ತಿಲ್ಲದ ಹೊತ್ತಿಗೆ ಸರಿಯಾಗಿ ಬಚ್ಚಲೊಲೆಯ ಪಕ್ಕದ ಕಟ್ಟಿಗೆ ರಾಶಿಯ ಹಿಂದಿನಿಂದ ಕುಂಯ್ ಕುಂಯ್ ಸದ್ದು ಬಂತು. ಮೀಯಲು ಹೋದ ಹೆಂಡತಿ ಮೀಯದೆ ವಾಪಸು ಬಂದು, "ಒಳಗೆ ಜಾಗ ಇಲ್ಲ" ಎಂದಳು.

ಟಾರ್ಚು ಹಿಡಿದು ಜನಗಣತಿಗೆ ಹೋದವನು ನಾನು. ಚುಕ್ಕಿ ಗುರ್ರೆನ್ನುತ್ತಿದ್ದಳು. ಮೂರು ಮಾರು ದೂರದಲ್ಲಿ ನಿಂತು, ಕುತ್ತಿಗೆ ಉದ್ದ ಮಾಡಿ ಎಣಿಸಿದೆ. ಆರು. ಐದು ಮರಿಗಳು ಅಂಗಾತ, ಮಗ್ಗುಲಾಗಿ ಬಿದ್ದು ಹೊರಳುತ್ತಿದ್ದವು. ಐದರ ಹೊಟ್ಟೆಯ ಕೆಳಗೂ ಕಡ್ಡಿಯಂಥದ್ದೊಂದು ಸ್ಪಷ್ಟವಾಗಿ ಕಾಣುತ್ತಿತ್ತು. ಆರನೆಯದು ಬೋರಲಾಗಿ ಮುಖ ಮುಚ್ಚಿಕೊಂಡು ಮಲಗಿತ್ತು. ಅದರ ನಾಚಿಕೆ ನೋಡಿ ಹೆಣ್ಣೆಂದು ತೀರ್ಮಾನಿಸಿದೆ. ಹೊರಗೆ ಬಂದು "ಐದು ಗಂಡು, ಒಂದು ಹೆಣ್ಣು" ಎಂದು ಘೋಷಿಸಿದಾಗ ಜಗಲಿಯಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಗಳು ಒಂದು ಕ್ಷಣ ನಿಂತವು. "ಪುಣ್ಯ ಮಾಡಿದೀರಿ, ಒಂದೇ ದಿನದಲ್ಲಿ ಖಾಲಿಯಾಗುತ್ತವೆ" ಎಂದಿತು ಜಗಲಿ.

ಆದದ್ದೂ ಹಾಗೆಯೇ. ಸುಲಿಯುವವರ ಬಾಯಲ್ಲಿ ಸುದ್ದಿ ಹೊರಟರೆ ಮೊಬೈಲು ಹಿಂದೆ ಬೀಳುತ್ತದೆ. ಎರಡೇ ದಿನದಲ್ಲಿ ಐದು ಗಂಡಿಗೂ ಗಿರಾಕಿ ಗೊತ್ತಾಯಿತು. ಒಬ್ಬರ ಬಾಳೆಗೊನೆಯನ್ನು ಮಂಗ ಬಿಡುತ್ತಿರಲಿಲ್ಲ, ಇನ್ನೊಬ್ಬರ ಹಳೆಯ ನಾಯಿಗೆ ಕಿವಿ ಕೇಳುತ್ತಿರಲಿಲ್ಲ, ಮತ್ತೊಬ್ಬರಿಗೆ ಸುಮ್ಮನೆ ಆಸೆ. ಸಾಲದ್ದಕ್ಕೆ ನನಗೆ ಗತ್ತೂ ಬಂದುಬಿಟ್ಟಿತು. "ಎರಡು ತಿಂಗಳು ತುಂಬದೆ ಕೊಡುವುದಿಲ್ಲ, ಕಟ್ಟಿಹಾಕುವವರಿಗೆ ಕೊಡುವುದಿಲ್ಲ, ಲಸಿಕೆ ಹಾಕಿಸಬೇಕು" ಎಂದೆಲ್ಲ ಫೋನಿನಲ್ಲಿ ಷರತ್ತು ಹಾಕಿದೆ. ಆ ಒಂದು ಹೆಣ್ಣಿಗೂ ಗಿರಾಕಿ ಇತ್ತು, ಅದೂ ಜಗಲಿಯಲ್ಲೇ. ಸುಲಿಯುವವರಲ್ಲಿ ಹಿರಿಯಳಾದ ಅಜ್ಜಿ ಅಡಿಕೆಯಿಂದ ಕಣ್ಣೆತ್ತದೆ, "ನನಗೆ ಹೆಣ್ಣೇ ಇರಲಿ. ಗಂಡುನಾಯಿ ಕಾರ್ತಿಕ ಬಂದರೆ ಮನೆ ಬಿಟ್ಟು ಹೋಗುತ್ತದೆ, ನಮ್ಮನೆಯವರ ಹಾಗೆ" ಎಂದಳು. ಅವಳ ಮನೆಯವರು ಕಾರ್ತಿಕದಲ್ಲಿ ಎಲ್ಲಿಗೆ ಹೋಗುತ್ತಿದ್ದರೆಂದು ಯಾರೂ ಕೇಳಲಿಲ್ಲ.

ಹದಿನೈದನೆಯ ದಿನ, ಕಣ್ಣು ಬಿಟ್ಟಿದ್ದ ಮರಿಗಳನ್ನು ಬುಟ್ಟಿಯಲ್ಲಿ ತುಂಬಿಕೊಂಡು ಜಂತಿನ ಔಷಧಿಗೆಂದು ಪಶು ಆಸ್ಪತ್ರೆಗೆ ಹೋದೆ. ವೈದ್ಯರು ಒಂದು ಮರಿಯನ್ನು ಎತ್ತಿ ತೂಗಿದರು, ಚೀಟಿಯಲ್ಲಿ "ಹೆಣ್ಣು" ಎಂದು ಬರೆದರು. ಎರಡನೆಯದನ್ನು ಎತ್ತಿದರು, "ಹೆಣ್ಣು". ಮೂರನೆಯದಕ್ಕೂ ಅದನ್ನೇ ಬರೆದಾಗ ನಾನು ತಡೆಯಲಾರದೆ, "ಸಾರ್, ಐದು ಗಂಡು" ಎಂದೆ.

"ಯಾರು ಹೇಳಿದ್ದು?"

"ನಾನೇ ನೋಡಿದೆ."

"ಏನು ನೋಡಿದಿರಿ?"

ನೋಡಿದ್ದನ್ನು ಹೇಳಿದೆ. ಅವರು ಪೆನ್ನು ಕೆಳಗಿಟ್ಟು, ಪಕ್ಕದ ಕೋಣೆಯಲ್ಲಿ ಎಮ್ಮೆಕರುವಿನ ಕಾಲು ಹಿಡಿದುಕೊಂಡಿದ್ದ ಸಹಾಯಕನನ್ನೂ ಕರೆದು, "ಇನ್ನೊಮ್ಮೆ ಹೇಳಿ" ಎಂದರು. ಹೇಳಿದೆ. ಸಹಾಯಕ ಗೋಡೆ ಹಿಡಿದು ನಗತೊಡಗಿದ. "ಅದು ಹೊಕ್ಕುಳಬಳ್ಳಿ ಮಾರಾಯರೇ" ಎಂದರು ವೈದ್ಯರು, "ಹುಟ್ಟಿದ ಮರಿಗೆಲ್ಲ ಇರುತ್ತದೆ. ಕೆಲವು ದಿನಕ್ಕೆ ಒಣಗಿ ಬೀಳುತ್ತದೆ." ಬುಟ್ಟಿಯಲ್ಲಿದ್ದದ್ದು ಐದು ಹೆಣ್ಣು, ಒಂದು ಗಂಡು. ಆ ಒಂದು ಗಂಡು ಯಾವುದೆಂದರೆ, ಅವತ್ತು ಬೋರಲಾಗಿ ಮಲಗಿದ್ದ ನಾಚಿಕೆಯ ಪ್ರಾಣಿ.

ವೈದ್ಯರು ಅಷ್ಟಕ್ಕೇ ಬಿಡಲಿಲ್ಲ. ಮರಿಗಳಲ್ಲಿ ಒಂದು ಕಪ್ಪು, ಒಂದು ಹಾಲುಬಿಳಿ, ಎರಡು ಕಂದು, ಎರಡಕ್ಕೆ ಹುಲಿಪಟ್ಟೆ. "ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು ಇರುವುದು ನಾಯಿಗಳಲ್ಲಿ ಉಂಟು" ಎಂದು ವಿವರಿಸಿದರು. ಮನೆಗೆ ಬಂದು ಇದನ್ನು ಅಮ್ಮನಿಗೆ ಹೇಳಿದೆ. ಅಮ್ಮ ಬಾಗಿಲು ಮುಂದೆ ಮಾಡಿ, "ಇದನ್ನು ಜಗಲಿಯಲ್ಲಿ ಹೇಳಬೇಡ" ಎಂದಳು.

ಸಂಜೆ ಐದೂ ಜನಕ್ಕೆ ಫೋನು ಮಾಡಿದೆ. ಐವರ ಉತ್ತರವೂ ಒಬ್ಬರೇ ಬರೆದುಕೊಟ್ಟಂತಿತ್ತು. ಮೊದಲು "ಹೋ!" ಎಂಬ ಉದ್ಗಾರ. ಆಮೇಲೆ "ಹೆಣ್ಣಾ..." ಎಂಬ ಎಳೆತ. ಕೊನೆಗೆ "ಮನೆಯಲ್ಲಿ ಕೇಳಿ ಹೇಳುತ್ತೇನೆ". ನಿನ್ನೆಯವರೆಗೆ ಮನೆಯಲ್ಲಿ ಯಾರನ್ನೂ ಕೇಳದೆ ಒಪ್ಪಿಕೊಂಡವರು ಇವರೇ. ರಾತ್ರಿ ಊಟಕ್ಕೆ ಕುಳಿತಾಗ ಎಂಟನೆಯ ತರಗತಿಯ ಮಗಳು ತಟ್ಟೆ ನೋಡುತ್ತಲೇ ಕೇಳಿದಳು: "ಅಪ್ಪ, ನಾನು ಹುಟ್ಟಿದಾಗ ಎಷ್ಟು ಜನ 'ಹೋ' ಅಂದಿದ್ದರು?" ಅಮ್ಮನಿಗೆ ಇದ್ದಕ್ಕಿದ್ದಂತೆ ಒಲೆಯ ಮೇಲಿನ ಹಾಲು ನೆನಪಾಯಿತು. ಒಲೆಯ ಮೇಲೆ ಹಾಲಿರಲಿಲ್ಲ.

ಅಲ್ಲಿಂದ ಮುಂದೆ ಕಾರ್ಯಭಾರ ಮಗಳದು. ಒಂದು ನೋಟುಬುಕ್ಕು ಮಾಡಿದಳು. ಹೆಸರಿಟ್ಟರೆ ಕೊಡಲು ಮನಸ್ಸು ಬರುವುದಿಲ್ಲವೆಂದು ಅಮ್ಮ ತಾಕೀತು ಮಾಡಿದ್ದರಿಂದ ಮರಿಗಳಿಗೆ ಒಂದರಿಂದ ಆರರವರೆಗೆ ಸಂಖ್ಯೆ ಕೊಟ್ಟಳು. ವಾರದೊಳಗೆ ಸಂಖ್ಯೆಗಳೇ ಹೆಸರಾಗಿ, "ನಾಲ್ಕೂ..." ಎಂದು ಕರೆದರೆ ನಾಲ್ಕು ಓಡಿಬರುತ್ತಿತ್ತು, ಜತೆಗೆ ಲೆಕ್ಕ ಬಾರದ ಎರಡೂ ಆರೂ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲವೆಂದು 2017ರ ಕೇಂದ್ರದ ನಿಯಮವಿದೆಯೆಂದು ಎಲ್ಲಿಂದಲೋ ಹುಡುಕಿ ಮೊದಲ ಪುಟದಲ್ಲಿ ಬರೆದಳು. ನಾವು ಮಾರುತ್ತಿಲ್ಲವಲ್ಲ ಎಂದೆ. ಅದಕ್ಕೆ ಅಮ್ಮನ ತಕರಾರು ಬಂತು. ನಾಯಿಮರಿಯನ್ನು ಬಿಟ್ಟಿ ಕೊಡಬಾರದು, ಏನಾದರೂ ಈಸಿಕೊಳ್ಳಲೇಬೇಕು; "ಪುಕ್ಕಟೆ ತಂದ ನಾಯಿ ಪಕ್ಕದ ಮನೆ ಕಾಯುತ್ತದೆ". ಮೊಗೆಕಾಯಿ, ಅಂದರೆ ಸಾಂಬಾರು ಸೌತೆ, ಈಸಿಕೊಂಡು ಮರಿ ಕೊಟ್ಟರೆ ಅದು ನಿಯಮದ ಪ್ರಕಾರ ಮಾರಾಟವೋ ಅಲ್ಲವೋ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಇವತ್ತಿಗೂ ಇತ್ಯರ್ಥವಾಗಿಲ್ಲ.

ಬೆಂಗಳೂರಿನ ಭಾವ ಫೋನು ಮಾಡಿ "ಯಾವ ತಳಿ? ಮುಧೋಳವೇನು?" ಎಂದು ಕೇಳಿದರು. ಮುಧೋಳದ ನಾಯಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೇ ಬಂದಿದೆ. ನಮ್ಮ ಚುಕ್ಕಿಗೂ ಅಂಚೆ ಇಲಾಖೆಗೂ ಇರುವ ಸಂಬಂಧ ಬೇರೆ ತರಹದ್ದು; ಅಂಚೆಯವರು ಈಗ ನಮ್ಮ ಕಾಗದಗಳನ್ನು ಸೇತುವೆಯ ಹತ್ತಿರದ ಅಂಗಡಿಯಲ್ಲೇ ಕೊಟ್ಟು ಹೋಗುತ್ತಾರೆ. ಊರುನಾಯಿ ಎಂದೆ. ಭಾವನಿಗೆ ಬೇಕಾದದ್ದು ಬೊಗಳದ, ಕೂದಲು ಉದುರದ, ದೊಡ್ಡದಾಗದ ನಾಯಿ. ಮಗಳು ಅವರ ಹೆಸರಿನ ಮುಂದೆ "ಗೋಡೆ ಗಡಿಯಾರ ಸಾಕು" ಎಂದು ಬರೆದಳು.

ಮನೆಬಾಗಿಲಿಗೆ ಬಂದವರಿಗೂ ಸಂದರ್ಶನ ತಪ್ಪಲಿಲ್ಲ. ಗುಡ್ಡದಂಚಿನ ಮನೆಯವರೊಬ್ಬರು ಹೆಣ್ಣಾದರೂ ಅಡ್ಡಿಯಿಲ್ಲವೆಂದು ಬಂದು ಕುಳಿತರು. ಮಗಳು ನೋಟುಬುಕ್ಕು ಬಿಚ್ಚಿದಳು.

"ಹಿಂದಿನ ನಾಯಿ ಏನಾಯಿತು?"

"ಚಿರತೆ ಒಯ್ದಿತು."

"ಅದಕ್ಕೂ ಹಿಂದಿನದು?"

"ಅದನ್ನೂ."

"ಅದಕ್ಕಿಂತ ಹಿಂದೆ?"

ಅವರು ಮಾಡಿನ ಹೆಂಚು ನೋಡತೊಡಗಿದರು. ನೋಟುಬುಕ್ಕು ಮುಚ್ಚಿತು. ಪಾಪದ ಮನುಷ್ಯ, ಬೇಸರ ಮಾಡಿಕೊಳ್ಳಲಿಲ್ಲ. ನಾಲ್ಕು ದಿನ ಬಿಟ್ಟು, ಕಬ್ಬಿಣದ ಬಾಗಿಲಿನ ನಾಯಿಗೂಡು ಕಟ್ಟಿಸಿ ಅದರ ಫೋಟೊ ತಂದರು. ಫೋಟೊದಲ್ಲಿ ಗೂಡಿನ ಒಳಗೆ ಅಳತೆ ತೋರಿಸಲು ಸ್ವತಃ ಅವರೇ ಕುಳಿತಿದ್ದರು. ಎರಡು ಎಂಬ ಮರಿ ಅವರ ಪಾಲಾಯಿತು. ನಮಗೆ ಮೊಗೆಕಾಯಿ ಬಂತು.

ಮೂರನೆಯದರ ಕಥೆ ಸ್ವಲ್ಪ ಉದ್ದ. ಆರರಲ್ಲಿ ಬೆಳ್ಳಗಿದ್ದದ್ದು ಅದೊಂದೇ. ಅದರ ಫೋಟೊ ನೋಡಿ ಮೆಚ್ಚಿದ ಶಾಲೆಯ ಮೇಷ್ಟರು, ಹೆಂಡತಿಗೆ ಬಿಳಿಯದೇ ಇಷ್ಟವೆಂದು ಕಾದಿರಿಸಿದ್ದರು. ಭಾನುವಾರ ಬರುವವರಿದ್ದರು. ಶುಕ್ರವಾರ ಚೊಗರಿನ ವ್ಯಾಪಾರಿ ಬಂದ. ಅಡಿಕೆ ಬೇಯಿಸಿ ಉಳಿದ ಚೊಗರು ಅಂಗಿಗೆ ಬಿದ್ದರೆ ಅಂಗಿ ಹರಿದರೂ ಕಲೆ ಹೋಗುವುದಿಲ್ಲ. ಅವನು ಡ್ರಮ್ಮಿನಿಂದ ಅಗಲ ಬಾಯಿಯ ಪಾತ್ರೆಗೆ ಅದನ್ನು ಬಗ್ಗಿಸಿಟ್ಟು ಎಲೆಯಡಿಕೆಗೆ ಕೈ ಹಾಕಿದ್ದೇ ತಡ, ಮೂರನೆಯದು ಪಾತ್ರೆಯ ಅಂಚಿಗೆ ಮುಂಗಾಲಿಟ್ಟು ಒಳಗೆ ಇಣುಕಿತು. ಒಳಗೊಂದು ನಾಯಿಮರಿ ಕಂಡಿರಬೇಕು. ಬಾಲ ಅಲ್ಲಾಡಿಸುತ್ತ ಅದನ್ನು ಮಾತಾಡಿಸಲು ಹೋಯಿತು. ಬುಳುಂಕ್ ಎಂದಿತು ಪಾತ್ರೆ. ನಾನು ಕತ್ತು ಹಿಡಿದು ಎತ್ತಿದಾಗ ಕೈಯಲ್ಲಿದ್ದದ್ದು ಒಳ್ಳೆಯ ಕೆಂಪಡಿಕೆಯ ಬಣ್ಣದ, ಕಣ್ಣು ಪಿಳಿಪಿಳಿ ಬಿಡುವ ಬೇರೆಯೇ ಪ್ರಾಣಿ. ಬಾಲದ ತುದಿಯಲ್ಲಿ ಎರಡು ಬೆರಳಿನಷ್ಟು ಬಿಳಿ ಸಾಕ್ಷಿಗೆಂದು ಉಳಿದಿತ್ತು. ಅದು ಮೈ ಒದರಿದ ರಭಸಕ್ಕೆ ನನ್ನ ಪಂಚೆ, ಗೋಡೆಯ ಸುಣ್ಣ, ವ್ಯಾಪಾರಿಯ ಲೆಕ್ಕದ ಪುಸ್ತಕ ಎಲ್ಲಕ್ಕೂ ಬಣ್ಣ. ಮರಿ ಹೀರಿಕೊಂಡದ್ದೆಂದು ಅವನು ಅರ್ಧ ಲೀಟರು ವಜಾ ಮಾಡಿದ.

ಸೀಗೆಪುಡಿ, ಬಟ್ಟೆಸಾಬೂನು, ಲಿಂಬೆಹುಳಿ ಎಲ್ಲ ಆಯಿತು. ತೊಳೆದಷ್ಟೂ ಮಿರುಗು ಹೆಚ್ಚಿತು. ಭಾನುವಾರ ಮೇಷ್ಟರು ಬಂದು "ಬಿಳಿ ಮರಿ ಎಲ್ಲಿ?" ಎಂದರು. "ಇದೇ" ಎಂದೆ. ಮೇಷ್ಟರು ಮರಿಯನ್ನೂ ಮೊಬೈಲನ್ನೂ ಅಕ್ಕಪಕ್ಕ ಹಿಡಿದು, ನಕಲು ಹೊಡೆದ ಹುಡುಗನನ್ನು ನೋಡುವಂತೆ ನನ್ನನ್ನು ನೋಡಿದರು. ಅದೇ ಹೊತ್ತಿಗೆ ದಾರಿಯಲ್ಲಿ ಹೋಗುತ್ತಿದ್ದ ಪಕ್ಕದ ತೋಟದವರು ಬೇಲಿಯಾಚೆಯಿಂದಲೇ, "ಬಣ್ಣ ಚೆನ್ನಾಗಿ ಕಟ್ಟಿದೆ, ಈ ಸಲ ಧಾರಣೆ ಒಳ್ಳೆಯದಿದೆ, ಕೊಟ್ಟುಬಿಡಿ" ಎಂದು ಕೂಗಿದರು. ಯುಗಾದಿಯೊಳಗೆ ಬಿಳಿಯಾಗದಿದ್ದರೆ ವಾಪಸು ಎಂಬ ಕರಾರಿನ ಮೇಲೆ ಮೇಷ್ಟರು ಒಯ್ದರು, ಐದು ರೂಪಾಯಿಯ ನಾಣ್ಯ ಕೊಟ್ಟು. ಹೋಗುವಾಗ ಅವರ ಎಡಗಾಲಿನ ಚಪ್ಪಲಿ ಸಿಗಲಿಲ್ಲ. ಆರರ ಬಾಯಲ್ಲಿ ಅದರ ಪಟ್ಟಿ ಮಾತ್ರ ಸಿಕ್ಕಿತು. ಯುಗಾದಿ ಕಳೆದು ನಾನೇ ಫೋನು ಮಾಡಿದೆ. ಹಳೆಯ ಕೂದಲು ಉದುರಿ ಬಣ್ಣ ತಿಳಿಯಾಗುತ್ತ ಬಂದಿದೆಯಂತೆ. ಅಷ್ಟರಲ್ಲಿ ಕೆಂಪಿ ಎಂದು ಹೆಸರಿಟ್ಟಾಗಿತ್ತು. ಅವರ ಮನೆಯಲ್ಲೀಗ ಕೆಂಪಿ ಎಂಬ ಬಿಳಿ ನಾಯಿ ಇದೆ.

ಮಿಕ್ಕವು ಬೇಗ ಮುಗಿದವು. ಹೆಣ್ಣೇ ಬೇಕೆಂದಿದ್ದ ಸುಲಿಯುವ ಅಜ್ಜಿಗೆ, ತಾಲ್ಲೂಕಿನಲ್ಲಿ ಅಂಥ ಅಭಿಪ್ರಾಯವಿದ್ದ ಏಕೈಕ ವ್ಯಕ್ತಿಯೆಂದು, ಮೊದಲ ಆಯ್ಕೆಯ ಗೌರವ ಕೊಟ್ಟೆವು; ಎಲ್ಲಕ್ಕಿಂತ ಹೆಚ್ಚು ಉಣ್ಣುವ ಒಂದನ್ನು ಆರಿಸಿ, ಸೆರಗಿನ ಗಂಟಿನಿಂದ ಎರಡು ರೂಪಾಯಿ ಬಿಚ್ಚಿ ಕೊಟ್ಟಳು. ಗಂಡಾಗಿ ಉಳಿದಿದ್ದ ಐದನ್ನು ಐವರಲ್ಲಿ ಯಾರಿಗೆ ಕೊಡುವುದೆಂದು ನಾವು ಚೀಟಿ ಎತ್ತುವ ಏರ್ಪಾಡು ಮಾಡುತ್ತಿದ್ದಾಗ, ಈ ಐವರಲ್ಲಿ ಇರದ ಸೋದರಮಾವ ಬೈಕಿನಲ್ಲಿ ಬಂದು, ಚಹಾ ಕುಡಿದು, ಹನ್ನೊಂದು ರೂಪಾಯಿ ಅಮ್ಮನ ಕೈಗಿಟ್ಟು ಅದನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ಸೋದರಮಾವಂದಿರಿಗೆ ಸಂದರ್ಶನವಿಲ್ಲ. ನಾಲ್ಕನ್ನು ಮಾತ್ರ, ಗಂಡೇ ಬೇಕೆಂದಿದ್ದ ಬಾಳೆತೋಟದವರಿಗೆ ಬಹಳ ತರ್ಕ ಮಾಡಿ ಒಪ್ಪಿಸಬೇಕಾಯಿತು. ಆರು ತಿಂಗಳಿಗೆ ಆಪರೇಷನ್ ಮಾಡಿಸಿದರೆ ಬಾಗಿಲಿಗೆ ಗಂಡುನಾಯಿಗಳ ಹಿಂಡು ಬರುವುದಿಲ್ಲವೆಂದೆ. ಮೂರು ವರ್ಷ ಮುಹೂರ್ತ ಹುಡುಕಿದವನ ಬಾಯಲ್ಲಿ ಈ ಮಾತು ಕೇಳಿ ನನ್ನ ಹೆಂಡತಿ ಒಳಗೆ ಹೋದಳು. "ಖರ್ಚು ಯಾರದು?" ಎಂದರು ಅವರು. ಅರ್ಧ ನನ್ನದು ಎಂದು ಒಪ್ಪಿದೆ. ಹೆಸರು ಬದಲಾಯಿಸಿ ಎಂದರೂ ಅವರ ಮನೆಯ ಮಕ್ಕಳು ಕೇಳಲಿಲ್ಲ. ಅವರಲ್ಲಿಗೆ ಬಂದ ನೆಂಟರೆಲ್ಲ ಮಿಕ್ಕ ಮೂರು ಎಲ್ಲಿ ಎಂದು ವಿಚಾರಿಸುತ್ತಾರಂತೆ.

ಕೊನೆಯದಾಗಿ ಉಳಿದ ಆರನ್ನು ದೂರದ ಸಂಬಂಧದ ಅತ್ತಿಗೆ ಒಯ್ದರು. ಕೈಯಲ್ಲಿ ಏನೂ ತಂದಿರಲಿಲ್ಲ. "ಋಣ ಇಟ್ಟುಕೊಳ್ಳುವುದಿಲ್ಲ ಅತ್ತೆ, ಕಳಿಸುತ್ತೇನೆ" ಎಂದು ಅಮ್ಮನಿಗೆ ಮಾತು ಕೊಟ್ಟು ಹೋದರು.

ಮರಿಗಳೆಲ್ಲ ಹೋದ ರಾತ್ರಿ ಚುಕ್ಕಿ ಊಟ ಬಿಟ್ಟಾಳೆಂದು ನಾನು ಹೆದರಿ ಎರಡೆರಡು ಸಲ ಎದ್ದು ನೋಡಿದೆ. ತನ್ನ ಪಾಲಿನದೂ ಆರು ಜನರದೂ ಉಂಡು, ಬಚ್ಚಲೊಲೆಯ ಬೆಚ್ಚನೆ ಬೂದಿಯಲ್ಲಿ ನಾಲ್ಕೂ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದಳು. ನಿದ್ದೆ ಬಾರದೆ ಜಗಲಿಯಲ್ಲಿ ಓಡಾಡಿದವನು ನಾನೇ. ಏಪ್ರಿಲ್‌ನಲ್ಲಿ, ಎರಡು ಮದುವೆಯೂಟ ತಪ್ಪಿಸಿಕೊಂಡು, ಅವಳ ಆಪರೇಷನ್ ಮಾಡಿಸಿದೆ. ಮನೆಯ ಲೆಕ್ಕದ ಪ್ರಕಾರ ಎರಡು ತಿಂಗಳ ಹಾಲು, ಲಸಿಕೆ, ನೋಡಲು ಬಂದವರ ಚಹಾ, ಮೇಷ್ಟರ ಚಪ್ಪಲಿ ಒಂದು ಕಡೆ; ಹದಿನೆಂಟು ರೂಪಾಯಿ ಮತ್ತು ಒಂದು ಮೊಗೆಕಾಯಿ ಇನ್ನೊಂದು ಕಡೆ.

ಮೊನ್ನೆ ಸಂಜೆಯ ಬಸ್ಸಿನಲ್ಲಿ ಅತ್ತಿಗೆಯ ಮಗ ಇಳಿದ. ಕೈಯಲ್ಲಿ ಮುಚ್ಚಳ ಕಟ್ಟಿದ ಬುಟ್ಟಿ. "ಅಮ್ಮ ಕಳಿಸಿದ್ದಾಳೆ. ಬಿಟ್ಟಿ ಇಟ್ಟುಕೊಳ್ಳಬಾರದಂತೆ" ಎಂದು ಜಗಲಿಯ ಮೇಲಿಟ್ಟು, ಅದೇ ಬಸ್ಸು ತಿರುಗಿ ಬರುವುದರೊಳಗೆ ಓಡಿದ. ಬುಟ್ಟಿಯೊಳಗಿಂದ ಸಣ್ಣಗೆ ಮಿಯಾಂವ್ ಎಂದು ಕೇಳಿತು. ಬಿಚ್ಚಿದರೆ ನಾಲ್ಕು.

"ಗಂಡೋ ಹೆಣ್ಣೋ, ನೋಡು" ಎಂದಳು ಅಮ್ಮ.

ನಾನು ಟಾರ್ಚನ್ನು ಮಗಳ ಕೈಗೆ ಕೊಟ್ಟು ತೋಟಕ್ಕೆ ಹೋದೆ.