ಹಳೇ ಟ್ವಿನ್ ಅಗ್ಗ, ಸಾಕುವುದು ಅಗ್ಗವಲ್ಲ

ಟ್ವಿನ್ ಅಂದರೆ ಎರಡು ಎಂಜಿನ್‌ನ ಸಣ್ಣ ವಿಮಾನ. ಐವತ್ತು ವರ್ಷ ಹಳೆಯ ಬೀಚ್ ಬ್ಯಾರನ್ ಅಥವಾ ಸೆಸ್ನಾ 310ರಂಥ ಟ್ವಿನ್, ಅದೇ ಕಾಲದ, ಒಂದೇ ಎಂಜಿನ್‌ನ (ಸಿಂಗಲ್) ಒಳ್ಳೇ ಬೊನಾಂಜಾದ ಬೆಲೆಗೇ ಮಾರಾಟಕ್ಕೆ ಬರುವುದುಂಟು. "ಅದೇ ದುಡ್ಡಿಗೆ ಎರಡು ಎಂಜಿನ್!" ಅಂತ ಹಿಗ್ಗಬೇಡಿ. ಮುಂದಿನ ಖರ್ಚಿಗೆ ಹೆದರಿ ಕೊಳ್ಳುವವರು ಹಿಂದೆ ಸರಿದಿದ್ದಕ್ಕೇ ಬೆಲೆ ಅಲ್ಲಿಗೆ ಇಳಿದಿರುವುದು.

ಎಲ್ಲರೂ ಮೊದಲು ಕೇಳುವುದು ಇಂಧನ. ಗಂಟೆಯ ಲೆಕ್ಕ ಬಿಡಿ, ದೂರದ ಲೆಕ್ಕ ಹಾಕಿ. ವಿ35 ಬೊನಾಂಜಾ ಗಂಟೆಗೆ ಸುಮಾರು 53 ಲೀಟರ್ ಸುಟ್ಟು 165 ನಾಟ್ (ಗಂಟೆಗೆ ಇಷ್ಟು ನಾಟಿಕಲ್ ಮೈಲಿ) ಓಡುತ್ತದೆ. ಬ್ಯಾರನ್ 55 ಸುಮಾರು 98 ಲೀಟರ್‌ಗೆ 185 ನಾಟ್. 500 ನಾಟಿಕಲ್ ಮೈಲಿಗೆ ಒಂದಕ್ಕೆ 160 ಲೀಟರ್, ಇನ್ನೊಂದಕ್ಕೆ 265. ಉಳಿಯುವುದು ಇಪ್ಪತ್ತು ನಿಮಿಷ. ಆದರೂ ನನ್ನ ಪ್ರಕಾರ ಇಂಧನ ಇಲ್ಲಿ ಸಣ್ಣ ವಿಷಯ.

ದೊಡ್ಡದು ಎಂಜಿನ್ ಓವರ್‌ಹಾಲ್, ಅಂದರೆ ಇಷ್ಟು ಗಂಟೆ ಓಡಿದ ಮೇಲೆ ಎಂಜಿನ್ ಪೂರ್ತಿ ಬಿಚ್ಚಿ ಹೊಸದಾಗಿ ಜೋಡಿಸುವುದು. ಬೊನಾಂಜಾದ ಐಒ-520ಕ್ಕೆ 1700 ಗಂಟೆ, ಬ್ಯಾರನ್ 55ರ ಐಒ-470ಕ್ಕೆ 1500 ಗಂಟೆ, ಅದೂ ಎರಡು. ಇದರ ಜೊತೆಗೆ 12 ವರ್ಷದ ಗಡುವನ್ನೂ ತಯಾರಕರು ಹೇಳುತ್ತಾರೆ. ಅಮೆರಿಕದಲ್ಲಿ ಸ್ವಂತಕ್ಕೆ ಹಾರಿಸುವವರಿಗೆ ಅದು ಕಡ್ಡಾಯವಲ್ಲ, ಆದರೆ ಸುಮ್ಮನೆ ಹಾಕಿದ ಗಡುವೂ ಅಲ್ಲ. ವರ್ಷಕ್ಕೆ 60 ಗಂಟೆ ಹಾರಿಸುವವನಿಗೆ 12 ವರ್ಷಕ್ಕೆ 720 ಗಂಟೆ, ಅಂದರೆ ಅರ್ಧ ಆಯುಷ್ಯವೂ ಆಗಿರುವುದಿಲ್ಲ. ಆದರೆ ನಿಂತ ಎಂಜಿನ್ ಒಳಗೊಳಗೇ ಹಾಳಾಗುತ್ತಿರುತ್ತದೆ. ಇನ್ನೊಂದು ಕಂಪನಿಯ ಎಂಜಿನ್ ಲೈಕಮಿಂಗ್‌ನಲ್ಲಂತೂ ಕ್ಯಾಮ್‌ಶಾಫ್ಟ್ (ಕವಾಟಗಳನ್ನು ತೆರೆಯುವ ದಂಡ) ಇರುವುದು ಕ್ರ್ಯಾಂಕ್‌ಶಾಫ್ಟ್‌ಗಿಂತ ಮೇಲೆ. ವಾರಗಟ್ಟಲೆ ನಿಂತರೆ ಆಯಿಲ್ ಎಲ್ಲ ಕೆಳಗಿಳಿದು, ಕ್ಯಾಮ್‌ನ ಉಬ್ಬುಗಳಿಗೆ ತೇವ ತಾಗಿ ತುಕ್ಕು ಹಿಡಿಯುತ್ತದೆ. ಮುಂದಿನ ಸಲ ಸ್ಟಾರ್ಟ್ ಮಾಡಿದಾಗ ಆ ತುಕ್ಕೇ ಲೋಹವನ್ನು ಅರೆಯುತ್ತದೆ. ಆಯಿಲ್ ಫಿಲ್ಟರ್ ಕತ್ತರಿಸಿ, ಒಳಗಿನ ಕಾಗದದ ಮಡಿಕೆ ಬಿಡಿಸಿ, ಅಯಸ್ಕಾಂತ ಆಡಿಸಿದರೆ ಕಪ್ಪು ಪುಡಿ ಅಂಟಿಕೊಳ್ಳುತ್ತದೆ. ಸಿಲಿಂಡರ್ ಗಾಳಿ ಸೋರುತ್ತದಾ ಅಂತ ನೋಡುವ ಕಂಪ್ರೆಷನ್ ಟೆಸ್ಟ್‌ನಲ್ಲಿ ಇದು ಕಾಣುವುದೇ ಇಲ್ಲ. ಕೊಳ್ಳುವ ಮುಂಚೆ 75/80 (80ರಲ್ಲಿ 75 ಒತ್ತಡ ಉಳಿಯಿತು) ಅಂತ ಬಂದರೂ ಖುಷಿಪಡಬೇಡಿ, ಫಿಲ್ಟರ್ ಕತ್ತರಿಸಿ ತೋರಿಸಿ ಅನ್ನಿ.

ಎಂಜಿನ್‌ಗೆ ಸೇರಿದ್ದೆಲ್ಲ ಸರಿಯಾಗಿ ಎರಡರಷ್ಟು: 24 ಸ್ಪಾರ್ಕ್ ಪ್ಲಗ್, 500 ಗಂಟೆಗೊಮ್ಮೆ ಬಿಚ್ಚಿ ನೋಡಬೇಕಾದ 4 ಮ್ಯಾಗ್ನೆಟೋ (ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಯಂತ್ರ). ರೇಡಿಯೋ, ರೇಡಾರ್‌ಗೆ ಉತ್ತರಿಸುವ ಟ್ರಾನ್ಸ್‌ಪಾಂಡರ್ ಮಾತ್ರ ಎರಡಕ್ಕೂ ಒಂದೇ ಖರ್ಚು. ಎರಡರ ಲೆಕ್ಕವನ್ನೂ ಮೀರುವುದು ಸಿಂಗಲ್‌ನಲ್ಲಿ ಇಲ್ಲದೇ ಇರುವ ಭಾಗಗಳು. ನಿಂತ ಎಂಜಿನ್‌ನ ಪ್ರೊಪೆಲ್ಲರ್ ಅಲಗನ್ನು ಗಾಳಿಗೆ ಅಡ್ಡವಾಗದಂತೆ ತಿರುಗಿಸುವ ಫೆದರಿಂಗ್, ಒಂದು ಬದಿಯ ಇಂಧನವನ್ನು ಇನ್ನೊಂದು ಬದಿಯ ಎಂಜಿನ್‌ಗೆ ಕೊಡುವ ಕ್ರಾಸ್‌ಫೀಡ್ ಕವಾಟ, ಎಲ್ಲಕ್ಕಿಂತ ಹೆಚ್ಚಾಗಿ ಹೀಟರ್. ಸಿಂಗಲ್‌ನಲ್ಲಿ ಎಕ್ಸಾಸ್ಟ್ ಸುತ್ತಲಿನ ಬಿಸಿಗಾಳಿಯೇ ಕ್ಯಾಬಿನ್‌ಗೆ ಬರುತ್ತದೆ. ಟ್ವಿನ್‌ನಲ್ಲಿ ಎಂಜಿನ್ ರೆಕ್ಕೆ ಮೇಲಿರುವುದರಿಂದ, ಸಾಮಾನ್ಯವಾಗಿ ಮೂಗಿನೊಳಗೆ, ವಿಮಾನದ ಇಂಧನವನ್ನೇ ಉರಿಸುವ ಹೀಟರ್ ಕೂರಿಸಿರುತ್ತಾರೆ. ಅದರ ಒಳಗೂಡು ಬಿರುಕು ಬಿಟ್ಟರೆ ಕಾರ್ಬನ್ ಮೊನಾಕ್ಸೈಡ್ ನೇರ ಕ್ಯಾಬಿನ್‌ಗೆ. ಹಾಗಾಗಿ ಗಾಳಿ ತುಂಬಿ ಒತ್ತಡ ಇಳಿಯುತ್ತದಾ ಅಂತ ಆಗಾಗ ಪರೀಕ್ಷಿಸಲೇಬೇಕು.

ಇಷ್ಟು ಕೊಟ್ಟು ಸಿಗುವ ಸುರಕ್ಷತೆ ಎಷ್ಟು? 1970ರ ದಶಕದ ಮೊದಲ ಪೈಪರ್ ಸೆನೆಕಾ ಎಂಬ ಟ್ವಿನ್‌ಗೆ, ಪೂರ್ತಿ ಭಾರದಲ್ಲಿ ಒಂದೇ ಎಂಜಿನ್ ಮೇಲೆ 4000 ಅಡಿ ಎತ್ತರದಲ್ಲಿ ಏರುವುದೇ ಕಷ್ಟ. ಟೇಕಾಫ್ ಆದ ಕೂಡಲೇ ಒಂದು ಎಂಜಿನ್ ಕೈಕೊಟ್ಟರೆ ಬದುಕಿಸುವುದು ಪೈಲಟ್‌ನ ತಾಜಾ ಅಭ್ಯಾಸ. ಆ ವಾರ್ಷಿಕ ತರಬೇತಿಯ ದುಡ್ಡನ್ನೂ ಟ್ವಿನ್ ಖಾತೆಗೇ ಬರೆಯಿರಿ. ರಾತ್ರಿ, ಸಮುದ್ರ, ಬೆಟ್ಟಗಳ ಮೇಲೆ ನಿಯಮಿತವಾಗಿ ಹಾರುವವರಿಗೆ ಇದೆಲ್ಲ ಸರಿ. ವಾರಾಂತ್ಯಕ್ಕೆ ಹಾರುವವರಿಗೆ ನಾನಂತೂ ಸಿಂಗಲ್ ಅನ್ನುತ್ತೇನೆ.

ಟ್ವಿನ್ ಬೇಕೇ ಬೇಕು ಅಂದರೆ ಪೈಪರ್ ಟ್ವಿನ್ ಕೊಮಾಂಚೆ ನೋಡಿ. 160 ಅಶ್ವಶಕ್ತಿಯ ನಾಲ್ಕು ಸಿಲಿಂಡರ್‌ನ ಎರಡು ಎಂಜಿನ್, ಎರಡೂ ಸೇರಿ ಗಂಟೆಗೆ ಸುಮಾರು 63 ಲೀಟರ್, ದೊಡ್ಡ ಸಿಂಗಲ್‌ಗಿಂತ ಅಷ್ಟೇನೂ ಹೆಚ್ಚಿಲ್ಲ. ತೊಡಕು ಬಿಡಿಭಾಗಗಳದ್ದು. 1972ರ ಪ್ರವಾಹದಲ್ಲಿ ಪೈಪರ್‌ನವರ ಲಾಕ್ ಹೇವನ್ ಕಾರ್ಖಾನೆ ಮುಳುಗಿ ಅದರ ತಯಾರಿಕೆಯೇ ನಿಂತಿತು. ಹಾಗಾಗಿ ಎಷ್ಟೋ ಭಾಗಗಳನ್ನು ಗುಜರಿಗೆ ಹೋದ ವಿಮಾನಗಳಿಂದಲೇ ಬಿಚ್ಚಬೇಕು. ಅಂಥವು ಸಿಗುತ್ತಲೂ ಇರುತ್ತವೆ: ಚಕ್ರ ಇಳಿಸದೆ ಒಮ್ಮೆ ನೆಲಕ್ಕೆ ಕೂರಿಸಿದರೆ ಸಾಕು, ಎರಡೂ ಪ್ರೊಪೆಲ್ಲರ್ ಬಾಗಿ, ಎರಡೂ ಎಂಜಿನ್ ಬಿಚ್ಚಿ ಕ್ರ್ಯಾಂಕ್‌ಶಾಫ್ಟ್ ಪರೀಕ್ಷಿಸುವ ಖರ್ಚು ವಿಮಾನದ ಬೆಲೆಯನ್ನೇ ದಾಟಿ, ವಿಮೆಯವರು ಅದನ್ನು ಗುಜರಿ ಲೆಕ್ಕಕ್ಕೆ ಬರೆದುಬಿಡುತ್ತಾರೆ.