ಸತ್ಯಾಂಶ: ಕೊತ್ತಂಬರಿ ನೀರು ಮೂತ್ರಪಿಂಡವನ್ನು ತೊಳೆಯುವುದಿಲ್ಲ

ಒಂದು ಕಟ್ಟು ಕೊತ್ತಂಬರಿಯನ್ನು ಹತ್ತು ನಿಮಿಷ ಕುದಿಸಿ, ಸೋಸಿ, ದಿನಕ್ಕೊಂದು ಲೋಟ ಕುಡಿದರೆ ಮೂತ್ರಪಿಂಡದಲ್ಲಿ ಕೂತ ಉಪ್ಪು, ವಿಷವೆಲ್ಲ ಹೊರಬೀಳುತ್ತದೆ ಎಂಬ ಸಂದೇಶ ವಿಜಯಪುರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಿದೆ.

ಮೂತ್ರಪಿಂಡವೇನು ಚಹಾಪುಡಿ ಕಟ್ಟಿಕೊಂಡ ಸೋಸಣಿಗೆಯಲ್ಲ. ಆರೋಗ್ಯವಂತರಲ್ಲಿ ಅದು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಬಹುಪಾಲನ್ನು ಮರಳಿ ರಕ್ತಕ್ಕೇ ಸೇರಿಸಿ, ಒಂದೂವರೆ ಎರಡು ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಕಳಿಸುತ್ತದೆ. ‘ಕುಡಿದ ಮೇಲೆ ಮೂತ್ರ ಹೆಚ್ಚಾಯಿತು’ ಎನ್ನುವವರು ಕುಡಿದದ್ದು ಒಂದು ಲೋಟ ನೀರನ್ನು ಎಂಬುದನ್ನು ಮರೆತಿರುತ್ತಾರೆ.

ಆರೋಗ್ಯವಂತರಿಗೆ ಇದರಿಂದ ದೊಡ್ಡ ಕೇಡೇನಿಲ್ಲ. ಅಪಾಯವಿರುವುದು ಮೂತ್ರಪಿಂಡ ಈಗಾಗಲೇ ಸೋತವರಿಗೆ. ಪೊಟ್ಯಾಸಿಯಂ ಎಂಬ ಖನಿಜ ಹೆಚ್ಚಾದರೆ ಸೋತ ಮೂತ್ರಪಿಂಡ ಅದನ್ನು ಸರಿಯಾಗಿ ಹೊರಹಾಕಲಾರದು; ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಸೊಪ್ಪು ಕುದಿಸಿದಾಗ ಅದರ ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ. ಅದಕ್ಕೇ ಅಂಥವರಿಗೆ ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಲು ಹೇಳುತ್ತಾರೆ. ಈ ಸಂದೇಶ ಕುಡಿಯಿರಿ ಎನ್ನುವುದು ಚೆಲ್ಲಬೇಕಾದ ಅದೇ ನೀರನ್ನು!

ಕೊತ್ತಂಬರಿಯ ಮೇಲೆ ನನಗೆ ಮುನಿಸಿಲ್ಲ. ಎಣ್ಣೆಗಾಯಿಯ ಮೇಲೆ ಅದು ಬೀಳದಿದ್ದರೆ ಜೋಳದ ರೊಟ್ಟಿ ಗಂಟಲಿಗೆ ಇಳಿಯುವುದಿಲ್ಲ. ಆದರೆ ಕಾಲು ಬಾತಿದ್ದರೆ, ಮೂತ್ರದಲ್ಲಿ ನೊರೆ ನಿಲ್ಲುತ್ತಿದ್ದರೆ, ಮಧುಮೇಹವೋ ರಕ್ತದೊತ್ತಡವೋ ಇದ್ದರೆ, ವೈದ್ಯರನ್ನು ಕಂಡು ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಸ) ಮತ್ತು ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಿ.